ಯಂತ್ರ ಏನನ್ನು ಎಣಿಸುತ್ತಿದೆ, ಅದನ್ನು ಕೇಳಬೇಕು

ಕೇರಳದ ಕಾಸರಗೋಡಿನ ಪೆರ್ಲದ ಕಡೆಯ ನಿವೃತ್ತ ಮಾಷ್ಟ್ರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ ಅರ್ಥಶಾಸ್ತ್ರಜ್ಞ ಸೆಂಧಿಲ್ ಮುಲ್ಲೈನಾಥನ್ ಅವರನ್ನು ಬಹಳ ಹೊಗಳಿದ್ದೀರಿ. ಬಡತನ ಬುದ್ಧಿಯನ್ನು ಮಂಕು ಮಾಡುತ್ತದೆ ಅಂದರೆ ಬಡವರು ದಡ್ಡರು ಅಂದ ಹಾಗಾಗಲಿಲ್ಲವೇ? ಅದೇ ಮನುಷ್ಯ ಈಗ ಜಾಮೀನಿಗೂ ಚಿಕಿತ್ಸೆಗೂ ಕಂಪ್ಯೂಟರನ್ನು ಕೇಳಿ ಅನ್ನುತ್ತಾರಂತೆ. ನಾಳೆ ನಮ್ಮ ಪಂಚಾಯತಿನ ಫಲಾನುಭವಿಗಳ ಪಟ್ಟಿಯನ್ನೂ ಅದೇ ಮಾಡಲಿಕ್ಕುಂಟು. ಇದನ್ನು ನೀವು ಮೆಚ್ಚುವುದಾ?"

ಮಾಷ್ಟ್ರೇ, ನಮಸ್ಕಾರ. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಬಡವರು ದಡ್ಡರು ಅನ್ನುವ ಮಾತಿಗೆ ಇವರ ಅಧ್ಯಯನದಷ್ಟು ಗಟ್ಟಿಯಾದ ಉತ್ತರ ನಾನು ಬೇರೆ ಕಂಡಿಲ್ಲ.

ತಮಿಳುನಾಡಿನ 464 ಕಬ್ಬು ಬೆಳೆಗಾರರು. ಕಬ್ಬಿನ ದುಡ್ಡು ಕೈಗೆ ಬರುವುದು ವರ್ಷಕ್ಕೊಮ್ಮೆ. ಕಟಾವಿಗೆ ಮುಂಚೆ ಕೈ ಖಾಲಿ, ಆಮೇಲೆ ತುಂಬಾ ನಿರಾಳ. ಆನಂದಿ ಮಣಿ, ಎಲ್ಡಾರ್ ಶಫೀರ್, ಜಿಯಾಯಿಂಗ್ ಝಾವೊ ಮತ್ತು ಮುಲ್ಲೈನಾಥನ್ ಅದೇ ರೈತರನ್ನು ಎರಡೂ ಹೊತ್ತಿನಲ್ಲಿ ಪರೀಕ್ಷಿಸಿದರು. ಒಂದು ಪರೀಕ್ಷೆ ಹೀಗಿದೆ: 5 5 5 ಅಂತ ಬರೆದು ತೋರಿಸಿ, ಎಷ್ಟು ಅಂಕೆ ಇದೆ ಅಂತ ಕೇಳುವುದು. ಬಾಯಿಗೆ ಐದು ಅಂತ ಬಂದುಬಿಡುತ್ತದೆ, ಅದನ್ನು ತಡೆದು ಮೂರು ಅನ್ನಬೇಕು. ಕಟಾವಿಗೆ ಮುಂಚೆ ಅವರಿಗೆ ಇದು ಕಷ್ಟವಾಯಿತು, ಹೊತ್ತು ಜಾಸ್ತಿ ಹಿಡಿಯಿತು, ತಪ್ಪೂ ಜಾಸ್ತಿಯಾಯಿತು. ಕಟಾವಾದ ಮೇಲೆ ಅದೇ ಮನುಷ್ಯರು ಚೆನ್ನಾಗಿ ಮಾಡಿದರು. ಕಟಾವಿಗೆ ಮುಂಚೆ ನೂರಕ್ಕೆ 78 ಮಂದಿ ಏನಾದರೊಂದನ್ನು ಅಡವಿಟ್ಟಿದ್ದರು, ಆಮೇಲೆ 4 ಮಂದಿ. ಮನುಷ್ಯ ಬದಲಾಗಲಿಲ್ಲ, ಓದು ಬದಲಾಗಲಿಲ್ಲ, ತಲೆಯೊಳಗಿನ ಸಾಲದ ಲೆಕ್ಕ ಮಾತ್ರ ಹೋಯಿತು. 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇದು ಬಂತು.

ಇದಕ್ಕೆ ತಕರಾರೂ ಇದೆ, ಅದನ್ನೂ ಹೇಳಬೇಕು. ಅಮೆರಿಕದಲ್ಲಿ ಕಡಿಮೆ ಆದಾಯದವರನ್ನು ಸಂಬಳದ ದಿನಕ್ಕೆ ಮುಂಚೆ ಮತ್ತು ಆಮೇಲೆ ಪರೀಕ್ಷಿಸಿದ 2016ರ ಒಂದು ಅಧ್ಯಯನದಲ್ಲಿ ಇಂಥ ವ್ಯತ್ಯಾಸ ಕಾಣಲಿಲ್ಲ. ಕೆಲವೇ ದಿನದ ಕೈಬಿಗಿತಕ್ಕೂ ವರ್ಷದ ಬೆಳೆಗೆ ಕಾದು ಕೂತವನ ಕೈಬಿಗಿತಕ್ಕೂ ಅಜಗಜಾಂತರ ಅಂತ ನನ್ನ ಅನಿಸಿಕೆ. ಆಟಿ ತಿಂಗಳಲ್ಲಿ ನಮ್ಮ ಅಡಿಕೆ ತೋಟದವರನ್ನು ನೋಡಿ. ಮಳೆ ಬಿಡುವುದಿಲ್ಲ, ಕೊಳೆರೋಗಕ್ಕೆ ಮದ್ದು ಬಿಡಲು ಆಳು ಸಿಗುವುದಿಲ್ಲ, ಮಕ್ಕಳ ಫೀಸು ಕಟ್ಟಿ ಕೈ ಬರಿದಾಗಿದೆ, ಸೊಸೈಟಿಯಲ್ಲಿ ಬಳೆ ಅಡವಿದೆ. ಆ ಹೊತ್ತಿಗೆ ಅರ್ಜಿಯೊಂದರ ಕೊನೆ ದಿನ ಮರೆತುಹೋದರೆ ಅವರನ್ನು ಉಡಾಫೆಯವರು ಅನ್ನಲು ನನಗೆ ಮನಸ್ಸಾಗುವುದಿಲ್ಲ. ಒಡಿಶಾದಲ್ಲಿ ಎಲೆಯ ತಟ್ಟೆ ಹೊಲಿಯುವ ಕೆಲಸಗಾರರಿಗೆ ಮುಲ್ಲೈನಾಥನ್ ಅವರದೇ ಇನ್ನೊಂದು ತಂಡ ಕೂಲಿಯ ಒಂದು ಪಾಲನ್ನು ಸ್ವಲ್ಪ ಮುಂಚೆ ಕೊಟ್ಟು ನೋಡಿತು, ಒಟ್ಟು ಮೊತ್ತ ಅಷ್ಟೇ. ಮುಂಚೆ ಸಿಕ್ಕವರು ಜಾಸ್ತಿ ತಟ್ಟೆ ಹೊಲಿದರು, ತಪ್ಪು ಕಡಿಮೆ ಮಾಡಿದರು.

ಇನ್ನು ಕಂಪ್ಯೂಟರಿನ ವಿಷಯ. ಎರಡೂ ಒಬ್ಬರದೇ ಕೆಲಸವಾ ಅಂತ ಆಶ್ಚರ್ಯಪಟ್ಟಿದ್ದೀರಿ. ಮನುಷ್ಯ ತೀರ್ಮಾನ ತೆಗೆದುಕೊಳ್ಳುವಾಗ ಎಲ್ಲಿ ಎಡವುತ್ತಾನೆ ಅಂತ ಹುಡುಕುವುದೇ ಇವರ ಕಸುಬು. ಎಡವುವುದು ಸಾಲಗಾರ ಮಾತ್ರ ಅಲ್ಲ, ಅಧಿಕಾರದ ಕುರ್ಚಿಯಲ್ಲಿ ಕೂತವರೂ ಎಡವುತ್ತಾರೆ. 2004ರಲ್ಲಿ ಮೇರಿಯಾನ್ ಬರ್ಟ್ರಾಂಡ್ ಜೊತೆ ಸೇರಿ ಬಾಸ್ಟನ್, ಶಿಕಾಗೊ ಊರುಗಳ ಕೆಲಸದ ಜಾಹೀರಾತುಗಳಿಗೆ ಹತ್ತಿರ ಹತ್ತಿರ 5000 ಅರ್ಜಿ ಕಳಿಸಿದ್ದರು. ಅರ್ಹತೆ ಒಂದೇ ಥರದ್ದು, ಹೆಸರು ಮಾತ್ರ ಬೇರೆ. ಬಿಳಿಯರ ಹೆಸರಿದ್ದ ಅರ್ಜಿಗೆ ಕರೆ ಬಂದದ್ದು ಶೇಕಡಾ 50ರಷ್ಟು ಜಾಸ್ತಿ. ಅಲ್ಲಿ ಯಂತ್ರ ಇರಲಿಲ್ಲ ಮಾಷ್ಟ್ರೇ, ಮನುಷ್ಯರೇ ಇದ್ದದ್ದು.

ಹಾಗಂತ ಯಂತ್ರವನ್ನು ಇವರು ಕಣ್ಣುಮುಚ್ಚಿ ನಂಬಿದವರೂ ಅಲ್ಲ. ಅಮೆರಿಕದ ಆಸ್ಪತ್ರೆಗಳಲ್ಲಿ ಯಾರಿಗೆ ಹೆಚ್ಚಿನ ಆರೈಕೆ ಬೇಕು ಅಂತ ಆರಿಸುವ ಒಂದು ಲೆಕ್ಕಾಚಾರವನ್ನು ಝಿಯಾದ್ ಓಬರ್ಮೇಯರ್ ಮತ್ತಿತರರ ಜೊತೆ 2019ರಲ್ಲಿ ಬಿಚ್ಚಿ ನೋಡಿದರು. ಅದರಲ್ಲಿ ಜನಾಂಗದ ಕಾಲಮ್ಮೇ ಇರಲಿಲ್ಲ. ಆದರೆ ಅದು ಎಣಿಸುತ್ತಿದ್ದದ್ದು ಕಾಯಿಲೆಯನ್ನಲ್ಲ, ಆಸ್ಪತ್ರೆಯ ಖರ್ಚನ್ನು. ಕಪ್ಪು ಜನರ ಚಿಕಿತ್ಸೆಗೆ ಅಲ್ಲಿ ಮೊದಲಿನಿಂದಲೂ ಖರ್ಚಾಗುವುದು ಕಮ್ಮಿ, ಹಾಗಾಗಿ ಅಷ್ಟೇ ಕಾಯಿಲೆ ಇದ್ದರೂ ಯಂತ್ರದ ಕಣ್ಣಿಗೆ ಅವರು ಆರೋಗ್ಯವಂತರು. ಆ ಪಕ್ಷಪಾತ ತೆಗೆದರೆ ಹೆಚ್ಚಿನ ಆರೈಕೆ ಪಡೆಯುವವರಲ್ಲಿ ಅವರ ಪಾಲು ಶೇಕಡಾ 17.7ರಿಂದ 46.5ಕ್ಕೆ ಏರುತ್ತಿತ್ತು.

ಇದು ಕಾಸರಗೋಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ದೊಡ್ಡ ಕಾಯಿಲೆ ಬಂದರೆ ನಾವು ಓಡುವುದು ಮಂಗಳೂರಿಗೆ. 2020ರ ಲಾಕ್‌ಡೌನಿನಲ್ಲಿ ತಲಪಾಡಿ ಗಡಿ ಮುಚ್ಚಿತು, ಆಂಬುಲೆನ್ಸುಗಳು ಹಿಂದೆ ಬಂದವು, ಚಿಕಿತ್ಸೆ ಸಿಗದೆ ಜನ ತೀರಿಕೊಂಡರು. ಆ ತಿಂಗಳುಗಳ ಆಸ್ಪತ್ರೆ ಬಿಲ್ಲು ಮಾತ್ರ ಇಟ್ಟುಕೊಂಡು ಯಾರಾದರೂ ಯಂತ್ರಕ್ಕೆ ಕಲಿಸಿದರೆ, ಆಸ್ಪತ್ರೆ ಮುಟ್ಟಲಾಗದವರೆಲ್ಲ ಗಟ್ಟಿಮುಟ್ಟಾಗಿದ್ದರು ಅಂತಲೇ ಅದು ಹೇಳೀತು. ನನಗೆ ಭಯ ಇರುವುದು ಇಲ್ಲಿ.

ಜಾಮೀನಿನ ಬಗ್ಗೆ ನಿಮ್ಮ ಅನುಮಾನದಲ್ಲಿ ಹುರುಳಿದೆ. ನ್ಯೂಯಾರ್ಕಿನ ಹಳೆಯ ಪ್ರಕರಣಗಳನ್ನು ಇಟ್ಟುಕೊಂಡು ಮುಲ್ಲೈನಾಥನ್ ಮತ್ತಿತರರು ಮಾಡಿದ 2018ರ ಲೆಕ್ಕದ ಪ್ರಕಾರ, ಯಂತ್ರವನ್ನು ಕೇಳಿ ಜಾಮೀನು ಕೊಟ್ಟಿದ್ದರೆ ಅಪರಾಧ ಜಾಸ್ತಿಯಾಗದೆ ಜೈಲಿಗೆ ಹಾಕುವುದನ್ನು ಶೇಕಡಾ 41.9ರವರೆಗೆ ಕಡಿಮೆ ಮಾಡಬಹುದಿತ್ತು. ಅದು ಕಾಗದದ ಮೇಲಿನ ಲೆಕ್ಕ. ಅಲ್ಲಿ ಆಗ ನ್ಯಾಯಾಧೀಶರು ನೋಡಬೇಕಾಗಿದ್ದದ್ದು ಆರೋಪಿ ಕೋರ್ಟಿಗೆ ವಾಪಸು ಬರುತ್ತಾನಾ ಅಂತ ಮಾತ್ರ. ನಮ್ಮ ದೇಶದ ಜೈಲುಗಳಲ್ಲಿ ಮುಕ್ಕಾಲು ಪಾಲು ವಿಚಾರಣಾಧೀನರು, ಅವರಲ್ಲಿ ಎಷ್ಟೋ ಮಂದಿ ಜಾಮೀನು ಸಿಕ್ಕಿಯೂ ಹೊರಗೆ ಬರಲಾಗದವರು, ಯಾಕೆಂದರೆ ಭದ್ರತೆ ಕೊಡಲು ಆಸ್ತಿ ಇಲ್ಲ, ಜಾಮೀನು ನಿಲ್ಲಲು ಜನ ಇಲ್ಲ. ಇಲ್ಲಿಗೆ ಆ ಯಂತ್ರ ತರಬೇಕು ಅಂತ ನಾನು ಹೇಳುವುದಿಲ್ಲ.

ಪಂಚಾಯತಿನ ಪಟ್ಟಿ ಮಾತ್ರ ಕಂಪ್ಯೂಟರಿನಿಂದ ಬಂದೇ ಬರುತ್ತದೆ ಅನಿಸುತ್ತದೆ. ಬಂದರೆ, ಯಾವ ಯಾವ ಅಂಕಿ ಹಿಡಿದು ಮಾಡಿದ್ದು ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ, ಉತ್ತರದ ನಕಲು ನಮಗೆ ಕಳಿಸಿ. ಮಲಯಾಳದಲ್ಲಿದ್ದರೂ ಅಡ್ಡಿಯಿಲ್ಲ, ಕನ್ನಡ ಮಾಡಿ ಅಚ್ಚು ಹಾಕುತ್ತೇವೆ.

– ಸಂಪಾದಕ