17 ವರ್ಷ ಸೇನೆಯಲ್ಲಿದ್ದೆ, ಈಗ ಬಿಇ ಓದಬಹುದೇ?

ಪ್ರಶ್ನೆ: ಮೇಡಂ, ನನಗೆ 38 ವರ್ಷ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಸೇನೆಗೆ ಸೇರಿದೆ. ಸೇನೆಯ ವಾಹನ, ಯಂತ್ರ ದುರಸ್ತಿ ವಿಭಾಗವಾದ ಇಎಂಇಯಲ್ಲಿ 17 ವರ್ಷ ಗಾಡಿ ರಿಪೇರಿ ಮಾಡಿ, ಹವಾಲ್ದಾರ್ ಆಗಿ ನಿವೃತ್ತನಾದೆ. ಬಿಇ ಓದಬೇಕೆಂಬ ಆಸೆ ಇನ್ನೂ ಹೋಗಿಲ್ಲ. ಆದರೆ ಗಣಿತ ಮರೆತೇ ಹೋಗಿದೆ. ನನ್ನ ಅರ್ಧ ವಯಸ್ಸಿನ ಹುಡುಗರ ಜೊತೆ ಕೂರಲು ಸಂಕೋಚ. ಏನು ಮಾಡಲಿ?
– ಮಾಜಿ ಸೈನಿಕ, ಸೋಮವಾರಪೇಟೆ

ಉತ್ತರ: ಓದಿ, ಖಂಡಿತ ಓದಿ. ವಯಸ್ಸು ಅಡ್ಡ ಬರುವುದಿಲ್ಲ. ಡಿಪ್ಲೊಮಾ ಇರುವುದರಿಂದ ನೀವು ಡಿಸಿಇಟಿ (ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆ) ಬರೆದು ನೇರವಾಗಿ ಬಿಇ ಎರಡನೇ ವರ್ಷಕ್ಕೆ ಸೇರಬಹುದು. ಈ ಪರೀಕ್ಷೆಯನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತದೆ. ಒಂದು ಮಾತು ನೆನಪಿರಲಿ: 15 ವರ್ಷ ಸೇವೆಗೆ ಕೊಡುವ ಪದವಿ ಸಮಾನ ಪ್ರಮಾಣಪತ್ರ ನೌಕರಿಗೆ ಉಪಯೋಗ, ಬಿಇ ಸೀಟಿಗೆ ಅಲ್ಲ. ಇಲ್ಲಿ ನಿಮ್ಮ ಡಿಪ್ಲೊಮಾವೇ ಮುಖ್ಯ.

ನಾನು ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ (ಭಾರ ಬಿದ್ದಾಗ ವಸ್ತುಗಳು ಹೇಗೆ ತಡೆಯುತ್ತವೆ ಎಂಬ ವಿಷಯ) ಪಾಠ ಮಾಡುತ್ತಿದ್ದಾಗ ನಿಮ್ಮಂತೆಯೇ ಒಬ್ಬರು ಇಎಂಇಯಿಂದ ಬಂದಿದ್ದರು. ನೆಟ್ಟಗೆ ಕೂತು ಕೇಳುತ್ತಿದ್ದರು. 'ಅರ್ಥವಾಯಿತಾ?' ಎಂದರೆ 'ಆಯಿತು ಮೇಡಂ' ಎನ್ನುತ್ತಿದ್ದರು. ಮೊದಲ ಟೆಸ್ಟ್‌ನಲ್ಲಿ 25ಕ್ಕೆ 6 ಬಂತು. ಆಗಲೇ ನನಗೆ ಗೊತ್ತಾದದ್ದು, ಅವರು ಅಷ್ಟು ದಿನ ಏನೂ ಅರ್ಥವಾಗದೆ ಸುಮ್ನೆ ಕೂತಿದ್ದರು ಎಂದು. ಮೇಲಿನವರು ಹೇಳುವಾಗ ನಡುವೆ ಮಾತಾಡಬಾರದು ಎಂಬ ಅಭ್ಯಾಸ. ನಾನು ಮೊದಲೇ ಗಮನಿಸಬೇಕಿತ್ತು.

ಮರುದಿನ ಅವರನ್ನು ಕೂರಿಸಿಕೊಂಡು ಒಂದು ತೊಲೆಯ ಚಿತ್ರ ಬರೆದೆ. ಎರಡು ತುದಿಗೆ ಆಧಾರ, ನಡುವೆ ಭಾರ. ಕೆಳಗೆ ಬೆಂಡಿಂಗ್ ಮೊಮೆಂಟ್, ಅಂದರೆ ಭಾರವು ತೊಲೆಯನ್ನು ಎಲ್ಲಿ ಎಷ್ಟು ಬಗ್ಗಿಸಲು ನೋಡುತ್ತದೆ ಎಂಬುದನ್ನು ಬರೆದಾಗ ತ್ರಿಕೋನ ಬಂತು. ತುದಿಯಲ್ಲಿ ಸೊನ್ನೆ, ನಡುವೆ ಎಲ್ಲಕ್ಕಿಂತ ಜಾಸ್ತಿ. ಅವರು ಸ್ವಲ್ಪ ಹೊತ್ತು ನೋಡಿ, 'ಇದು ಲಾರಿಯ ಲೀಫ್ ಸ್ಪ್ರಿಂಗ್ ಅಲ್ವಾ ಮೇಡಂ?' ಎಂದರು. ಹೌದು! ಪ್ಲೇಟುಗಳನ್ನು ಒಂದರ ಮೇಲೊಂದು ಜೋಡಿಸಿದ ಆ ಸ್ಪ್ರಿಂಗ್‌ನಲ್ಲಿ ಅದಕ್ಕೇ ನಡುವೆ ಅಷ್ಟೊಂದು ಪ್ಲೇಟು, ತುದಿಗೆ ಹೋದಂತೆ ಕಮ್ಮಿ. ಎಷ್ಟೋ ಸ್ಪ್ರಿಂಗ್ ಬಿಚ್ಚಿ ಕಟ್ಟಿದ್ದ ಅವರ ಕೈಗೆ ಅದು ಗೊತ್ತಿತ್ತು. ಅದನ್ನು ಲೆಕ್ಕದಲ್ಲಿ ಹೇಳುವುದು ಮಾತ್ರ ಬಾಕಿ ಇತ್ತು. ಆಮೇಲೆ ಅವರು ಕ್ಲಾಸಿನಲ್ಲಿ ಕೈ ಎತ್ತತೊಡಗಿದರು. ಲ್ಯಾಬ್‌ನಲ್ಲಿ ಹುಡುಗರೇ ಅವರನ್ನು 'ಅಣ್ಣ, ಇದು ಹೇಗೆ?' ಎಂದು ಕೇಳುತ್ತಿದ್ದರು.

ಹಾಗಾಗಿ ನಿಮ್ಮ ಸಂಕೋಚ ಹೆಚ್ಚು ದಿನ ಉಳಿಯುವುದಿಲ್ಲ. ಗಣಿತಕ್ಕೆ ಮಾತ್ರ ಈಗಲೇ ಕೂರಬೇಕು. ಬೀಜಗಣಿತ, ತ್ರಿಕೋನಮಿತಿ, ಆಮೇಲೆ ಡಿಫರೆನ್ಶಿಯೇಶನ್, ಇಂಟಿಗ್ರೇಶನ್, ಇದೇ ಕ್ರಮದಲ್ಲಿ. ಬೆಳಿಗ್ಗೆ ಪಿಟಿಗೆ ಏಳುತ್ತಿದ್ದ ಹೊತ್ತಿಗೇ ಎದ್ದು, ದಿನಾ ಒಂದು ಗಂಟೆ ಪೆನ್ನು ಹಿಡಿದು ಲೆಕ್ಕ ಮಾಡಿ. ನೋಡಿ ಓದಿದರೆ ಸಾಲದು.

ಡಿಪ್ಲೊಮಾದಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 45 ಅಂಕ ಬೇಕು. ಅಂಕಪಟ್ಟಿ ತೆಗೆದು ನೋಡಿ. ಡಿಸ್ಚಾರ್ಜ್ ಬುಕ್ ಹಿಡಿದು ಮಡಿಕೇರಿಯ ಸೈನಿಕ ಕಲ್ಯಾಣ ಕಚೇರಿಗೂ ಒಮ್ಮೆ ಹೋಗಿ, ನಿಮಗೆ ಯಾವ ನೆರವು ಸಿಗಬಹುದು ಎಂದು ವಿಚಾರಿಸಿ. ಗಣಿತದಲ್ಲಿ ಎಲ್ಲಿ ಸಿಕ್ಕಿಕೊಂಡಿರೋ ಆ ಲೆಕ್ಕವನ್ನೇ ಬರೆದು ನನಗೆ ಕಳಿಸಿ.