ಕನ್ನಡಕ್ಕೆ ಯಾವ ಭಾಷೆ ಹತ್ತಿರ ಅಂತ ಕಂಪ್ಯೂಟರಿನಲ್ಲಿ ಅಳೆಯುವುದು ಹೇಗೆ?

ನಿಮ್ಮ ಪ್ರಶ್ನೆ ಓದುತ್ತಿದ್ದ ಹಾಗೇ ಹೊಟ್ಟೆಯಲ್ಲಿ ಸಣ್ಣಗೆ ಕಲಸಿದಂತಾಯಿತು. ಕನ್ನಡಕ್ಕೆ ತಮಿಳು ಹತ್ತಿರವೋ, ತೆಲುಗೋ, ಮರಾಠಿಯೋ ಅಂತ ಅಳೆಯಬೇಕು, ಅದಕ್ಕೆ ಪದಗಳ ವೆಕ್ಟರ್ (ಪದದ ಬಳಕೆಯನ್ನು ಅಂಕಿಗಳ ಸಾಲಾಗಿಸಿದ್ದು) ಒಳ್ಳೆಯದೋ ಎಡಿಟ್ ಡಿಸ್ಟೆನ್ಸ್ ಒಳ್ಳೆಯದೋ ಅಂತ ಕೇಳಿದ್ದೀರಿ. ನನ್ನ ಎಂ.ಟೆಕ್ ಪ್ರಾಜೆಕ್ಟು ಇದೇ ಆಗಿತ್ತು. ನಾನು ಎಡಿಟ್ ಡಿಸ್ಟೆನ್ಸ್ ಹಿಡಿದೆ. ಐದು ತಿಂಗಳು ನೀರಿಗೆ ಹೋಯಿತು.

ಸುದ್ದಿ ಬರಹಗಳಲ್ಲಿ ಜಾಸ್ತಿ ಬರುವ ಸಾವಿರ ಕನ್ನಡ ಪದ ಎತ್ತಿಕೊಂಡೆ. ಅನುವಾದ ಮಾಡುವ ತಂತ್ರಾಂಶಕ್ಕೆ ಹಾಕಿ ಉಳಿದ ಮೂರು ಭಾಷೆಯ ಪದಗಳನ್ನು ತೆಗೆಸಿದೆ. ಎಲ್ಲವನ್ನೂ ಒಂದೇ ಲಿಪಿಗೆ ತಂದೆ. ಆಮೇಲೆ ಎಡಿಟ್ ಡಿಸ್ಟೆನ್ಸ್, ಅಂದರೆ ಲೆವೆನ್‌ಶ್ಟೈನ್ ಲೆಕ್ಕ: ಒಂದು ಪದವನ್ನು ಇನ್ನೊಂದು ಪದವಾಗಿಸಲು ಎಷ್ಟು ಅಕ್ಷರ ಸೇರಿಸಬೇಕು, ತೆಗೆಯಬೇಕು, ಬದಲಿಸಬೇಕು ಅನ್ನುವುದು. 1965ರಲ್ಲಿ ಗಣಿತಜ್ಞ ಲೆವೆನ್‌ಶ್ಟೈನ್ ಇದನ್ನು ಕೊಟ್ಟಿದ್ದು ಸಂಕೇತ ಕಳಿಸುವಾಗ ಆಗುವ ತಪ್ಪು ತಿದ್ದುವ ಕೆಲಸಕ್ಕೆ. ಭಾಷೆಗಳ ನಂಟು ಅವರ ತಲೆಯಲ್ಲಿ ಇರಲೇ ಇಲ್ಲ. ನಾನು ಆಗಲೇ ಇದರ ಬಗ್ಗೆ ಒಂದು ನಿಮಿಷ ಯೋಚಿಸಿದ್ದರೂ ಸಾಕಿತ್ತು.

ಉತ್ತರ ಬಂತು. ಕನ್ನಡಕ್ಕೆ ಎಲ್ಲಕ್ಕಿಂತ ಹತ್ತಿರ ಮರಾಠಿ, ಎಲ್ಲಕ್ಕಿಂತ ದೂರ ತಮಿಳು!

ಬಗ್ ಇರಬೇಕು ಅಂತ ಅನುಮಾನ ಬರಬೇಕಿತ್ತು, ಅಲ್ವಾ? ನನಗೆ ಬಂದಿದ್ದು ಹಿಗ್ಗು. ಭಾಷೆಗಳ ವಿದ್ವಾಂಸ ಕಾಲ್ಡ್‌ವೆಲ್ 1856ರಲ್ಲೇ ದ್ರಾವಿಡ ಭಾಷೆಗಳನ್ನು ಹೋಲಿಸಿ ವ್ಯಾಕರಣ ಬರೆದಿದ್ದ. ಕನ್ನಡ, ತಮಿಳು, ತೆಲುಗು ಒಂದೇ ಬಳಗ, ಮರಾಠಿ ಆ ಬಳಗದ್ದಲ್ಲ. ಅಷ್ಟು ಹಳೆಯ ಮಾತನ್ನು ನನ್ನ ಇನ್ನೂರು ಸಾಲಿನ ಕೋಡು ಅಲ್ಲಾಡಿಸಿತು ಅಂದುಕೊಂಡು ಬಣ್ಣಬಣ್ಣದ ನಕ್ಷೆ ಮಾಡಿ ರಿಪೋರ್ಟಿಗೆ ಅಂಟಿಸಿದೆ.

ವೈವಾಕ್ಕೆ ಹೊರಗಿನಿಂದ ಭಾಷಾವಿಜ್ಞಾನದ ಮೇಡಂ ಒಬ್ಬರು ಬಂದಿದ್ದರು. ನಕ್ಷೆ ನೋಡಲೇ ಇಲ್ಲ. "ಹಾಲಿಗೆ ಎಷ್ಟು ಬಂತಪ್ಪಾ?" ಅಂದರು. ನನ್ನ ಪಟ್ಟಿಯಲ್ಲಿ ಹಾಲೇ ಇರಲಿಲ್ಲ. ಅಲ್ಲೇ ಲೆಕ್ಕ ಹಾಕಿಸಿದರು. ಕನ್ನಡದ ಹಾಲು, ತಮಿಳಿನ ಪಾಲ್. ಹಕಾರ ಪಕಾರವಾಗಬೇಕು, ಕೊನೆಯ ಉಕಾರ ಹೋಗಬೇಕು. ನಾಲ್ಕು ಧ್ವನಿಗಳಲ್ಲಿ ಎರಡು ಬದಲಾವಣೆ, ಅಂದರೆ ದೂರ 0.5. "ರಕ್ತಕ್ಕೆ?" ಕನ್ನಡದಲ್ಲೂ ರಕ್ತ, ಮರಾಠಿಯಲ್ಲೂ ರಕ್ತ. ದೂರ ಸೊನ್ನೆ.

ಆಮೇಲೆ ನನ್ನ ರಿಪೋರ್ಟಿನ ಹಿಂಬದಿಗೆ ಪೆನ್ಸಿಲಿನಲ್ಲಿ ಬರೆದರು. ಹಾಲು–ಪಾಲ್. ಹಲ್ಲು–ಪಲ್. ಹುಲಿ–ಪುಲಿ. ಹತ್ತು–ಪತ್ತು. ಹೆಸರು–ಪೆಯರ್. ಅದರ ಕೆಳಗೆ ಬಾಯಿ–ವಾಯ್, ಬೇರು–ವೇರ್, ಬಿಲ್ಲು–ವಿಲ್, ಬೆರಳು–ವಿರಲ್. ಕಾಗದವನ್ನು ನನ್ನ ಕಡೆ ತಿರುಗಿಸಿ ಸುಮ್ನೆ ಕೂತರು.

ಈ ತಪ್ಪನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕಾಗುವುದಿಲ್ಲ. ಪದಗಳ ಪಟ್ಟಿ ಸರಿ ಇರಲಿಲ್ಲ, ಅಷ್ಟೇ ತಾನೇ ಅಂತ ಗೆಳೆಯರು ಸಮಾಧಾನ ಹೇಳಿದರು. ಪಟ್ಟಿ ಕೆಟ್ಟದಾಗಿತ್ತು, ಒಪ್ಪುತ್ತೇನೆ. ಸುದ್ದಿಯ ಭಾಷೆಯಲ್ಲಿ ಸರ್ಕಾರ, ದಿನ, ರಾಜ್ಯ, ಪ್ರಶ್ನೆ ಇಂಥವೇ ತುಂಬಿರುತ್ತವೆ. ಮರಾಠಿಯಲ್ಲೂ ಅವೇ ಇವೆ. ತಮಿಳು ಅರಸು, ನಾಳ್ ಅಂತ ತನ್ನ ಪದ ಬಳಸುತ್ತದೆ. ಆದರೆ ಒಳ್ಳೆಯ ಪಟ್ಟಿ ಕೊಟ್ಟಿದ್ದರೂ ಹಾಲಿಗೆ ಅದೇ 0.5 ಬರುತ್ತಿತ್ತು! ನಾನು ಅಳೆದಿದ್ದು ಹೋಲಿಕೆಯನ್ನು. ನಂಟು ಇರುವುದು ವ್ಯತ್ಯಾಸದ ನಿಯಮದಲ್ಲಿ. ಹಳಗನ್ನಡದಲ್ಲಿ ಪಾಲ್, ಪುಲಿ, ಪೆಸರ್ ಅಂತಲೇ ಇತ್ತು. ಪದದ ಮೊದಲಿನ ಪಕಾರ ಆಮೇಲೆ ಸಾಲಾಗಿ ಹಕಾರವಾಯಿತು. ಒಂದು ಪದದಲ್ಲಿ ಆಗಿದ್ದರೆ ಆಕಸ್ಮಿಕ ಅನ್ನಬಹುದು. ಹತ್ತಾರು ಮನೆಮಾತಿನ ಪದಗಳಲ್ಲಿ ಒಂದೇ ರೀತಿ ಆಗಿದೆ ಅಂದರೆ ಎರಡೂ ಒಂದೇ ಮೂಲದಿಂದ ಬಂದಿವೆ ಅನ್ನುವುದಕ್ಕೆ ಅದೇ ಸಾಕ್ಷಿ. ನನ್ನ ಕೋಡು ಆ ಸಾಕ್ಷಿಯನ್ನೇ ತಪ್ಪು ಅಂತ ಎಣಿಸಿ ಅಂಕ ಕಳೆಯಿತು. ನಿನ್ನೆ ಮೊನ್ನೆ ಸಾಲ ತಂದ ಪದಕ್ಕೆ ಪೂರ್ತಿ ಅಂಕ ಕೊಟ್ಟಿತು.

ಸಾಲದ ಪದ ಹೇಗೆ ಸಿಕ್ಕಿಬೀಳುತ್ತದೆ ನೋಡಿ. ಪುಸ್ತಕ, ಪತ್ರ, ಪಾಪ ಹಕಾರಕ್ಕೆ ತಿರುಗಿಲ್ಲ. ಆದರೆ ಹಬ್ಬ? ಅದು ಸಂಸ್ಕೃತದ ಪರ್ವ. ಬೇಗ ಬಂದು ಮನೆಯವರ ಜೊತೆ ತಾನೂ ಬದಲಾಗಿಬಿಟ್ಟಿದೆ. ಈ ಒಂದು ಪದಕ್ಕಾಗಿ ನಾನು ಎರಡು ದಿನ ತಲೆ ಕೆಡಿಸಿಕೊಂಡಿದ್ದೆ.

ಬೇರೆ ಕಡೆಯೂ ಹೀಗೇ. ಲ್ಯಾಟಿನ್‌ನ ಹಬೇರೆ, ಜರ್ಮನ್‌ನ ಹಾಬೆನ್, ಎರಡರ ಅರ್ಥವೂ ಹೊಂದಿರುವುದು. ನೋಡಿದರೆ ಅವಳಿ ಮಕ್ಕಳು, ನಂಟು ಮಾತ್ರ ಇಲ್ಲ. ಲ್ಯಾಟಿನ್‌ನ ಕಕಾರಕ್ಕೆ ಜರ್ಮನ್‌ನಲ್ಲಿ ಹಕಾರ ಬರುವುದು ನಿಯಮ. ಹಾಗಾಗಿ ಹಾಬೆನ್‌ನ ನಿಜವಾದ ನೆಂಟ 'ಹಿಡಿ' ಅನ್ನುವ ಅರ್ಥದ ಕಪೇರೆ.

ಇನ್ನು ವೆಕ್ಟರ್. ಈ ಕೆಲಸಕ್ಕೆ ಅದನ್ನು ಮುಟ್ಟಲೇಬೇಡಿ. ಒಂದು ಪದದ ಅಕ್ಕಪಕ್ಕ ಯಾವ ಪದಗಳು ಬರುತ್ತವೆ ಅನ್ನುವುದರಿಂದ ವೆಕ್ಟರ್ ಹುಟ್ಟುತ್ತದೆ. ಬಿಸಿ, ತಣ್ಣಗೆ ಎರಡೂ ಒಂದೇ ಸಹವಾಸದಲ್ಲಿ ಇರುವುದರಿಂದ ಹತ್ತಿರ ಬಂದು ಕೂರುತ್ತವೆ. 2013ರಲ್ಲಿ ಕಂಪ್ಯೂಟರ್ ವಿಜ್ಞಾನಿ ಮಿಕೊಲೊವ್ ಮತ್ತು ಜೊತೆಗಾರರು ಒಂದು ಭಾಷೆಯ ವೆಕ್ಟರುಗಳನ್ನು ಇನ್ನೊಂದರ ಮೇಲೆ ತಿರುಗಿಸಿ ಕೂರಿಸಬಹುದು ಅಂತ ತೋರಿಸಿದರು. ಅನುವಾದಕ್ಕೆ ಅದು ಬಹಳ ಉಪಯೋಗ. ಆದರೆ ಹಾಲು, ಪಾಲ್, ದೂಧ್ ಮೂರೂ ಒಂದೇ ಜಾಗಕ್ಕೆ ಬಂದರೆ ಅರ್ಥ ಒಂದೇ ಅಂತ ಗೊತ್ತಾಯಿತು, ಅಷ್ಟೇ. ಯಾವುದು ಯಾವುದರ ಬಳಗ ಅನ್ನುವುದಕ್ಕೆ ಅಲ್ಲಿ ಉತ್ತರ ಇಲ್ಲ. ಹಾಗಾಗಿ ಎರಡರಲ್ಲಿ ಯಾವುದು ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನೀವು ಹತ್ತಿರ ಅಂದಿದ್ದು ಒಂದೇ ಮೂಲ ಅಂತಲೋ, ಪದ ಕೊಟ್ಟು ತೆಗೆದುಕೊಂಡಿದ್ದಾರೆ ಅಂತಲೋ? ಎರಡನೆಯದಾದರೆ ನನ್ನ ಹಾಳು ನಕ್ಷೆಯೂ ಸ್ವಲ್ಪ ಕೆಲಸಕ್ಕೆ ಬರುತ್ತದೆ, ಬೇಕಾದರೆ ಕೇಳಿ.

ಒಂದೇ ಮೂಲ ಅಂತಾದರೆ ಸ್ವದೇಶ್ ಪಟ್ಟಿಯಿಂದ ಶುರು ಮಾಡಿ. ಅದು ಭಾಷಾವಿಜ್ಞಾನಿ ಸ್ವದೇಶ್ ಮಾಡಿದ, ಎಲ್ಲ ಭಾಷೆಯಲ್ಲೂ ಇರುವ ಮೂಲ ಪದಗಳ ಪಟ್ಟಿ. ಕಣ್ಣು, ಕಿವಿ, ನೀರು, ಕಲ್ಲು ಇಂಥ ಪದಗಳು. ಅನುವಾದದ ತಂತ್ರಾಂಶ ಬೇಡ, ಮಾತಾಡುವವರನ್ನೇ ಕೇಳಿ. ದ್ರಾವಿಡ ಬಳಗದ ವಯಸ್ಸು ಸುಮಾರು 4,500 ವರ್ಷ ಅಂತ ಲೆಕ್ಕ ಹಾಕಿದ 2018ರ ಅಧ್ಯಯನ ಕೂಡ 20 ಭಾಷೆಗಳ ಪದಗಳನ್ನು ಆಡುವವರ ಬಾಯಿಂದಲೇ ಕಲೆಹಾಕಿತ್ತು. ಆಮೇಲೆ ಬರೋ ಮತ್ತು ಎಮೆನೋ ಅವರ ದ್ರಾವಿಡ ನಿರುಕ್ತಕೋಶ (ಪದಗಳ ಮೂಲ ಹೇಳುವ ನಿಘಂಟು) ತೆಗೆದು ಯಾವ ಪದಗಳು ಒಂದೇ ಮೂಲದವು ಅಂತ ಕೈಯಾರೆ ಗುಂಪು ಮಾಡಿ. 1984ರ ಎರಡನೇ ಆವೃತ್ತಿ ನೋಡಿ. ಕಂಪ್ಯೂಟರ್ ಬೇಕೇ ಬೇಕು ಅಂದರೆ ಭಾಷೆಗಳನ್ನು ಹೋಲಿಸುವ ಲಿಂಗ್‌ಪೈ ಅನ್ನುವ ತಂತ್ರಾಂಶದಲ್ಲಿ ಲೆಕ್ಸ್‌ಸ್ಟ್ಯಾಟ್ ಅಂತ ಒಂದು ವಿಧಾನ ಇದೆ. ಯಾವ ಧ್ವನಿಗೆ ಯಾವುದು ಮತ್ತೆ ಮತ್ತೆ ಜೋಡಿಯಾಗುತ್ತದೆ ಅನ್ನುವುದನ್ನು ಅದು ಎಣಿಸುತ್ತದೆ. ನೂರೇ ಪದ ಇದ್ದರೆ ಜೋಡಿಗಳು ಸಾಕಾಗುವುದಿಲ್ಲ, ಇನ್ನೂರಾದರೂ ಹಾಕಿ.

ಪಟ್ಟಿ ಮಾಡುವಾಗ ರಕ್ತ ಅಂತ ಬರೆದರೆ ಪಕ್ಕದಲ್ಲೇ ನೆತ್ತರು ಅಂತಲೂ ಬರೆದುಕೊಳ್ಳಿ. ತೆಲುಗಿನವರನ್ನು ಕೇಳಿದಾಗ ಅವರೂ ಮೊದಲು ರಕ್ತಂ ಅಂತಲೇ ಅಂದಾರು. ಇನ್ನೊಂದು ಸಲ ಕೇಳಿ, ನೆತ್ತುರು ಅನ್ನುತ್ತಾರೆ.