ಮಗಳು ನೋಡಿದ್ದು ಕೂಗರ್ ಹೌದಾ?

ಪ್ರಶ್ನೆ: ಅಮೆರಿಕದ ಕನೆಕ್ಟಿಕಟ್‌ನಲ್ಲಿರುವ ಮಗಳು ಹಿತ್ತಲಲ್ಲಿ ಕೂಗರ್ (ಪ್ಯೂಮಾ ಅಂತಲೂ ಕರೆಯುವ ದೊಡ್ಡ ಕಾಡುಬೆಕ್ಕು) ನೋಡಿದೆ ಅಂತಾಳೆ. ಅಲ್ಲಿ ಅದು ಇಲ್ಲವೇ ಇಲ್ಲ ಅಂತಾರಂತೆ. ಯಾರನ್ನು ನಂಬಲಿ?
— ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ಅಮ್ಮಾ, ಮಗಳ ಮಾತನ್ನು ಸುಮ್ನೆ ತಳ್ಳಿಹಾಕಬೇಡಿ. 2011ರ ಜೂನ್‌ನಲ್ಲಿ ಅದೇ ರಾಜ್ಯದ ಮಿಲ್ಫರ್ಡ್‌ನಲ್ಲಿ ಒಂದು ಗಂಡು ಕೂಗರ್ ಕಾರಿಗೆ ಸಿಕ್ಕಿ ಸತ್ತಿತು. ಯಾರೋ ಸಾಕಿದ್ದಿರಬೇಕು ಅಂದುಕೊಂಡರು. ಆದರೆ ಸಾಕಿದವರು ಕೀಳಿಸುವ ಹಾಗೆ ಉಗುರು ಕಿತ್ತಿರಲಿಲ್ಲ. ಚರ್ಮದಡಿ ಮುಳ್ಳುಹಂದಿಯ ಮುಳ್ಳುಗಳಿದ್ದವು. ಅದನ್ನು ಓದಿ ನನಗೆ ಮೈ ಜುಂ ಎಂದಿತ್ತು. ಡಿಎನ್‌ಎ ನೋಡಿದರೆ ದೂರದ ಸೌತ್ ಡಕೋಟ ರಾಜ್ಯದ ಬ್ಲ್ಯಾಕ್ ಹಿಲ್ಸ್ ಬೆಟ್ಟಗಳ ಕಡೆಯದು! 2,000 ಕಿ.ಮೀ.ಗೂ ಜಾಸ್ತಿ ನಡೆದು ಬಂದಿತ್ತು, ಪಾಪ.

ಆದರೂ ಅದು ದಾರಿಹೋಕ. ಅಲ್ಲಿ ನೆಲೆಸಿರುವುದು ಅದಕ್ಕಿಂತ ಚಿಕ್ಕ ಕಾಡುಬೆಕ್ಕಾದ ಬಾಬ್‌ಕ್ಯಾಟ್, ಅದಕ್ಕೆ ಮೋಟು ಬಾಲ. ಕೂಗರ್‌ನದು ಉದ್ದ, ದಪ್ಪ. ಮೊದಲು ಬಾಲ ಹೇಗಿತ್ತು ಅಂತ ಮಗಳನ್ನು ಕೇಳಿ. ಹೆಜ್ಜೆ ಗುರುತಿದ್ದರೆ ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆಯಲಿ.